ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ, ನ್ಯಾನೊ ಟೆಕ್ನಾಲಜಿ: ಪದೇ ಪದೇ ಕೇಳೋ ಪ್ರಶ್ನೆಗಳು

ಆಸ್ಪತ್ರೆ ಲ್ಯಾಬಲ್ಲಿ ಮೈಕ್ರೋಬಯಾಲಜಿ ಕೆಲಸ ಅಂತ ಗೊತ್ತಾದ ಕೂಡ್ಲೇ ಮದುವೆ ಮನೇಲಿ, ಬಸ್ಸಲ್ಲಿ, ಫ್ಯಾಮಿಲಿ ಗ್ರೂಪಲ್ಲಿ ಜನ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಇತ್ತೀಚೆಗೆ "ನ್ಯಾನೊ ಬಂದಿದೆಯಂತಲ್ಲ, ಇನ್ಮೇಲೆ ಆ್ಯಂಟಿಬಯಾಟಿಕ್ಕೇ ಬೇಡ್ವಂತೆ" ಅಂತ ಕೇಳೋರು ಜಾಸ್ತಿ ಆಗಿದಾರೆ. ಹಾಗಾಗಿ ಎಲ್ಲ ಒಂದು ಕಡೆ ಬರೆದಿಟ್ಟಿದೀನಿ, ಉದ್ದ ಆಗಿದೆ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ಆ್ಯಂಟಿಬಯಾಟಿಕ್ ಕೆಲಸ ಮಾಡ್ತಿಲ್ಲ ಅಂದ್ರೆ ನನ್ನ ಮೈಗೆ ಔಷಧ ಒಗ್ಗಿಹೋಗಿದೆ ಅಂತಾನಾ?

ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ನಿಮ್ಮ ಮೈಗೆ ಏನೂ ಆಗಿಲ್ಲ, ಬದಲಾಗಿರೋದು ಒಳಗಿರೋ ಬ್ಯಾಕ್ಟೀರಿಯಾ.

ನಾವು ಲ್ಯಾಬಲ್ಲಿ ನೋಡೋದು ಹೀಗೆ. ಅಂಗೈ ಅಗಲದ ತಟ್ಟೆ, ಅದರಲ್ಲಿ ಅಗರ್ ಅನ್ನೋ ಜೆಲ್ಲಿ, ಅದರ ಮೇಲೆ ರೋಗಿಯ ಯೂರಿನ್ನಿಂದಲೋ ಕೀವಿಂದಲೋ ಬೆಳೆಸಿದ ಬ್ಯಾಕ್ಟೀರಿಯಾನ ಸಮವಾಗಿ ಸವರಿ, ಒಂದೊಂದು ಔಷಧ ಹಾಕಿರೋ ಪುಟ್ಟ ಬಿಳಿ ಪೇಪರ್ ಬಿಲ್ಲೆಗಳನ್ನ ಇಟ್ಟು, ರಾತ್ರಿಯೆಲ್ಲ 35 ಡಿಗ್ರಿಲಿ ಬಿಡ್ತೀವಿ. ಬೆಳಿಗ್ಗೆ ತೆಗೆದು ನೋಡಿದ್ರೆ ಔಷಧ ಕೆಲಸ ಮಾಡಿರೋ ಬಿಲ್ಲೆ ಸುತ್ತ ಚಂದ್ರಂಗೆ ಗುಡಿ ಕಟ್ಟಿದ ಹಾಗೆ ದುಂಡಗೆ ಖಾಲಿ ಜಾಗ ಇರತ್ತೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಆ ಗುಡಿ ಅಳೆಯೋದೇ ಕೆಲಸ. ಈಗ ಐಸಿಯುಯಿಂದ ಬರೋ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಪ್ಲೇಟ್ ಎಷ್ಟೋ ಸಲ ಅಂಚಿಂದ ಅಂಚಿಗೆ ಬೆಳೆದು ಗಂಜಿ ಹೊಯ್ದ ಹಾಗೆ ಲೋಳೆಯಾಗಿ ಹರಡಿರತ್ತೆ, ಹನ್ನೆರಡು ಬಿಲ್ಲೆ ಇಟ್ಟಿದ್ರೂ ಒಂದರ ಸುತ್ತಲೂ ಜಾಗ ಇರಲ್ಲ. ಸ್ಕೇಲ್ ಹಿಡ್ಕೊಂಡು ಅಳೆಯೋಕೆ ಏನೂ ಇಲ್ಲದ ಆ ಪ್ಲೇಟ್ ನೋಡಿದಾಗೆಲ್ಲ ಹೊಟ್ಟೇಲಿ ಸಂಕಟ ಆಗತ್ತೆ, ಯಾಕಂದ್ರೆ ಆ ಬೆಡ್ ನಂಬರಲ್ಲಿ ಒಬ್ಬ ಮನುಷ್ಯ ಮಲಗಿದಾನೆ.

ಬ್ಯಾಕ್ಟೀರಿಯಾ ಇದನ್ನ ಕಲಿಯೋದು ಹೇಗೆ?

ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಅನುಕೂಲ ಇದ್ರೆ 20 ನಿಮಿಷಕ್ಕೊಂದ್ಸಲ ಎರಡಾಗತ್ತೆ, ಕೋಟಿಗಟ್ಟಲೆ ಮರಿಗಳಲ್ಲಿ ಯಾವುದೋ ಒಂದಕ್ಕೆ ಔಷಧ ತಡೆಯೋ ಗುಣ ಬಂದಿರತ್ತೆ, ಔಷಧ ಬಿದ್ದಾಗ ಮಿಕ್ಕಿದ್ದೆಲ್ಲ ಸತ್ತು ಅದೊಂದು ಉಳ್ಕೊಂಡು ಜಾಗ ಪೂರ್ತಿ ತುಂಬ್ಕೊಳತ್ತೆ. ಸಾಲದ್ದಕ್ಕೆ ಆ ಗುಣದ ಜೀನನ್ನ ಪ್ಲಾಸ್ಮಿಡ್ ಅನ್ನೋ ಪುಟ್ಟ ಡಿಎನ್‌ಎ ಉಂಗುರದಲ್ಲಿ ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸತ್ತೆ, ಅದು ಬೇರೆ ಜಾತಿದಾದ್ರೂ ಸರಿ. ಮಾಡೋ ಉಪಾಯ ನಾಲ್ಕೈದೇ: ಔಷಧಾನ ಕತ್ತರಿಸೋ ಎನ್‌ಜೈಮ್ ತಯಾರಿಸೋದು, ಒಳಗೆ ಬಂದದ್ದನ್ನ ಪಂಪ್ ಹಾಕಿ ಹೊರಗೆ ತಳ್ಳೋದು, ಔಷಧ ಹೋಗಿ ಕೂರೋ ಜಾಗದ ಆಕಾರಾನೇ ಬದಲಾಯಿಸೋದು, ಒಳಬರೋ ಬಾಗಿಲು ಮುಚ್ಚೋದು.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಡೋಸ್ ಕಮ್ಮಿ ತಗೊಂಡ್ರೆ ಬ್ಯಾಕ್ಟೀರಿಯಾ ಗಟ್ಟಿಯಾಗತ್ತೆ ಅಂತ ಎಚ್ಚರಿಕೆ ಕೊಟ್ಟಿದ್ರು. ನಾವು ಕೇಳ್ಲಿಲ್ಲ.

ನಿಜಕ್ಕೂ ಅಷ್ಟು ದೊಡ್ಡ ಸಮಸ್ಯೆನಾ?

2019ರಲ್ಲಿ ಜಗತ್ತಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ನೇರವಾಗಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸತ್ರು ಅಂತ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಅಂದಾಜು ಬಂತು. ಈ ಇನ್‌ಫೆಕ್ಷನ್ ಜೊತೆ ಸಂಬಂಧ ಇರೋ ಸಾವು ಎಲ್ಲ ಸೇರಿಸಿದ್ರೆ 49 ಲಕ್ಷ 50 ಸಾವಿರ. ಸಿಸೇರಿಯನ್, ಮಂಡಿ ಆಪರೇಷನ್, ಕೀಮೋಥೆರಪಿ, ಅವಧಿಗೆ ಮುಂಚೆ ಹುಟ್ಟಿದ ಮಗೂನ ಉಳಿಸ್ಕೊಳ್ಳೋದು, ಎಲ್ಲದರ ಹಿಂದೆ ಆ್ಯಂಟಿಬಯಾಟಿಕ್ ಕಾವಲಿದೆ ಅನ್ನೋದನ್ನ ನೆನಪಿಟ್ಕೊಳ್ಳಿ.

ಸರಿ, ನ್ಯಾನೊ ಅಂದ್ರೆ ಎಷ್ಟು ಚಿಕ್ಕದು?

ಒಂದು ಮೀಟರ್‌ನ ನೂರು ಕೋಟಿ ಭಾಗ ಮಾಡಿದ್ರೆ ಅದರಲ್ಲೊಂದು ಭಾಗ ಒಂದು ನ್ಯಾನೊಮೀಟರ್. ತಲೆಕೂದಲು ದಪ್ಪ 80 ಸಾವಿರದಿಂದ 1 ಲಕ್ಷ ನ್ಯಾನೊಮೀಟರ್ ಇರತ್ತೆ, ಇ. ಕೋಲಿ ಉದ್ದ ಸುಮಾರು 2000, ನ್ಯಾನೊ ಕಣ ಅಂತ ಸಾಮಾನ್ಯವಾಗಿ ಕರೆಯೋದು 1ರಿಂದ 100ರ ಒಳಗಿರೋದನ್ನ. ಬ್ಯಾಕ್ಟೀರಿಯಾ ಒಂದು ಎಮ್ಮೆ ಅಂದ್ರೆ ಈ ಕಣ ಅದರ ಮೈಮೇಲೆ ಕೂರೋ ಉಣ್ಣೆ, ನೊಣದ ಹಾಗೆ.

ಚಿಕ್ಕದಾದ್ರೆ ಏನು ಲಾಭ ಅಂದ್ರೆ ಮೇಲ್ಮೈ. ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಬೆಳ್ಳಿ ತುಂಡು ತಗೊಳ್ಳಿ, ಅದರ ಆರೂ ಮುಖ ಸೇರಿದ್ರೆ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರ್ ಚೂರಾಗಿ ಕತ್ತರಿಸೋಕೆ ಆದ್ರೆ ಒಟ್ಟು ಮೇಲ್ಮೈ 6000 ಚದರ ಮೀಟರ್, ಅಂದ್ರೆ ಹತ್ರ ಹತ್ರ ಒಂದೂವರೆ ಎಕರೆ. ಬೆರಳ ತುದೀಲಿ ಹಿಡಿಯೋ ಅಷ್ಟೇ ಬೆಳ್ಳಿ, ಆದ್ರೆ ಒಂದೂವರೆ ಎಕರೆ ಗದ್ದೆಯಷ್ಟು ಜಾಗದಲ್ಲಿ ಬ್ಯಾಕ್ಟೀರಿಯಾ ಜೊತೆ ಮುಖಾಮುಖಿ ಆಗತ್ತೆ. ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ.

ನ್ಯಾನೊ ಬೆಳ್ಳಿ ಬ್ಯಾಕ್ಟೀರಿಯಾನ ಹೇಗೆ ಕೊಲ್ಲತ್ತೆ?

ಒಂದು ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಒಂದು ಜಾಗಕ್ಕೆ ಗುರಿ ಇಡತ್ತೆ, ಪೆನಿಸಿಲಿನ್ ಗೋಡೆ ಕಟ್ಟೋ ಕೆಲಸ ನಿಲ್ಲಿಸತ್ತೆ, ಸಿಪ್ರೊಫ್ಲಾಕ್ಸಾಸಿನ್ ಡಿಎನ್‌ಎ ಬಿಚ್ಚೋ ಎನ್‌ಜೈಮ್ ಹಿಡ್ಕೊಳತ್ತೆ. ಆ ಒಂದು ಜಾಗ ಬದಲಾಯಿಸ್ಕೊಂಡ್ರೆ ಬ್ಯಾಕ್ಟೀರಿಯಾ ಗೆದ್ದ ಹಾಗೆ. ಬೆಳ್ಳಿ ಕಣ ಹಾಗಲ್ಲ, ಅದರಿಂದ ಬೆಳ್ಳಿ ಅಯಾನು (ಚಾರ್ಜ್ ಇರೋ ಬೆಳ್ಳಿ ಪರಮಾಣು) ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗಿ ಪ್ರೋಟೀನಲ್ಲಿರೋ ಗಂಧಕದ ಗುಂಪಿಗೆ ಕಚ್ಕೊಳತ್ತೆ, ಉಸಿರಾಟದ ಎನ್‌ಜೈಮ್‌ಗಳು ಕೆಡತ್ವೆ, ಹೊರಪೊರೆ ತೂತಾಗತ್ತೆ, ಒಳಗೆ ಆಕ್ಸಿಜನ್ನಿನ ಉರಿಯೋ ರೂಪಗಳು ಹುಟ್ಟಿ ಡಿಎನ್‌ಎ ತನಕ ಹಾಳು ಮಾಡತ್ವೆ. ಒಂದೇ ಸಲ ನಾಲ್ಕು ಕಡೆಯಿಂದ ಏಟು ಬಿದ್ರೆ ತಪ್ಪಿಸ್ಕೊಳ್ಳೋದು ಕಷ್ಟ, ಆದ್ರೆ ಅಸಾಧ್ಯ ಏನಲ್ಲ, ಅದು ಕೆಳಗೆ ಬರತ್ತೆ.

ಬೆಳ್ಳಿ ಹೊಸದೇನಲ್ಲ, 1880ರ ದಶಕದಲ್ಲೇ ಜರ್ಮನಿಯ ಡಾಕ್ಟರ್ ಕ್ರೆಡೆ ಹಸುಗೂಸಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಕುರುಡುತನ ತಪ್ಪಿಸ್ತಿದ್ರು, ಸುಟ್ಟ ಗಾಯಕ್ಕೆ ಹಚ್ಚೋ ಸಿಲ್ವರ್ ಸಲ್ಫಾಡಯಾಜಿನ್ ಬಿಳಿ ಕ್ರೀಮ್ 1960ರ ದಶಕದಿಂದ ಇದೆ.

ನಮ್ಮ ಚಿಕ್ಕಮ್ಮಂಗೆ ಹಪ್ಪಳ ಕರಿಯೋವಾಗ ಬಾಣಲೆ ವಾಲಿ ಮುಂಗೈ ಪೂರ್ತಿ ಸುಟ್ಟಿತ್ತು. ಮೊದಲ ವಾರ ಕ್ರೀಮ್ ಹಚ್ತಿದ್ರು, ದಿನಾ ಹಳೇ ಕ್ರೀಮ್ ಒರೆಸಿ ತೊಳೆದು ಹೊಸದು ಹಚ್ಬೇಕು, ಆ ತೊಳೆಯೋ ಹೊತ್ತಿಗೆ ಅವರು ಹಲ್ಲು ಕಚ್ಚಿ ನನ್ನ ಭುಜ ಹಿಡ್ಕೊಳ್ತಿದ್ರು. ಆಮೇಲೆ ನ್ಯಾನೊ ಬೆಳ್ಳಿ ಡ್ರೆಸಿಂಗ್ ಹಾಕಿದ್ರು, ನೋಡೋಕೆ ನೀಲಿ ಛಾಯೆಯ ಬೂದು ಬಟ್ಟೆ ಥರ, ಮೂರು ದಿನ ಬಿಚ್ಚೋ ಹಾಗಿಲ್ಲ. ಅವರಿಗೆ ಅದೇ ದೊಡ್ಡ ನೆಮ್ಮದಿ ಆಯ್ತು. ಆದ್ರೆ ಒಂದ್ಸಲ ಡ್ರೆಸಿಂಗ್ ಮಾಡೋರು ಅದನ್ನ ಸಲೈನಲ್ಲಿ ನೆನೆಸಿಬಿಟ್ರು, ಈ ಥರದ ಡ್ರೆಸಿಂಗಿಗೆ ಸ್ಟೆರೈಲ್ ನೀರು ಹಾಕ್ಬೇಕು, ಸಲೈನಲ್ಲಿರೋ ಉಪ್ಪಿನ ಕ್ಲೋರೈಡ್ ಬೆಳ್ಳಿನ ಹಿಡಿದು ಕೂರಿಸಿಬಿಡತ್ತೆ, ಕೆಲಸ ಮಾಡೋ ಅಯಾನು ಕಮ್ಮಿ ಆಗತ್ತೆ. ಮನೇಲಿ ಯಾರಿಗಾದ್ರೂ ಇದನ್ನ ಹಾಕ್ತಿದ್ರೆ ಪ್ಯಾಕೆಟ್ ಮೇಲಿನ ಸೂಚನೆ ನೀವೂ ಒಂದ್ಸಲ ಓದಿ, ಅನುಮಾನ ಬಂದ್ರೆ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ.

ಶುಗರ್ ಇರೋರ ಕಾಲಿನ ಹುಣ್ಣಿಗೂ ಇದನ್ನೇ ಹಾಕ್ಬಹುದಾ?

ಸುಮ್ನೆ ಹಾಕೋದು ಬೇಡ. ಹುಣ್ಣು ಬೇಗ ಮಾಯಲಿ ಅನ್ನೋ ಒಂದೇ ಕಾರಣಕ್ಕೆ ಬೆಳ್ಳಿ ಡ್ರೆಸಿಂಗ್ ಬಳಸೋದನ್ನ ಡಯಾಬಿಟಿಕ್ ಕಾಲಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಒಪ್ಪಲ್ಲ. ಅಲ್ಲಿ ರಕ್ತ ಸಂಚಾರ, ಕಾಲಿನ ಮೇಲಿನ ಭಾರ ಇಳಿಸೋದು, ಸತ್ತ ಚರ್ಮ ತೆಗೆಯೋದು ಮುಖ್ಯ.

ನ್ಯಾನೊ ಅಂದ್ರೆ ಬರೀ ಬೆಳ್ಳಿನಾ?

ಅಲ್ಲ. ಸತು, ತಾಮ್ರದ ಆಕ್ಸೈಡು, ಚಿನ್ನ, ಸಿಗಡಿ ಚಿಪ್ಪಿಂದ ತೆಗೆಯೋ ಕೈಟೋಸಾನ್, ಹೀಗೆ ಬೇಕಾದಷ್ಟಿದೆ. ನನ್ನ ಪ್ರಕಾರ ರೋಗಿಗೆ ಇವತ್ತಿಗೇ ಜಾಸ್ತಿ ಉಪಯೋಗ ಆಗಿರೋದು ಮಾತ್ರ ಬೇರೆ ದಾರಿ: ಹಳೇ ಔಷಧಾನ ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ತುಂಬಿ ಸರಿಯಾದ ಜಾಗಕ್ಕೆ ಕಳಿಸೋದು. ಆ ಗುಳ್ಳೆಗೆ ಲೈಪೊಸೋಮ್ ಅಂತಾರೆ.

ಈ ಹೆಸರು ನೀವು ಕೇಳಿರ್ತೀರ. 2021ರ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಊರೂರಲ್ಲಿ ಜನ ಒಂದು ಇಂಜೆಕ್ಷನ್‌ಗೋಸ್ಕರ ಓಡಾಡಿದ್ರಲ್ಲ, ಲೈಪೊಸೋಮಲ್ ಆಂಫೋಟೆರಿಸಿನ್ ಬಿ, ಅದು ಇದೇ. ಬರೀ ಆಂಫೋಟೆರಿಸಿನ್ ಕೊಟ್ರೆ ಕಿಡ್ನಿಗೆ ಏಟು, ಗುಳ್ಳೆಯೊಳಗೆ ಕೊಟ್ರೆ ಅದು ತುಂಬ ಕಮ್ಮಿ. ಅದು ಫಂಗಸ್ ಔಷಧ, ಬ್ಯಾಕ್ಟೀರಿಯಾಗಲ್ಲ, ಆದ್ರೆ ಉಪಾಯ ಒಂದೇ.

ಬ್ಯಾಕ್ಟೀರಿಯಾ ಕಡೆ ಒಳ್ಳೇ ಉದಾಹರಣೆ ಆಮಿಕಾಸಿನ್. ಅದೂ ಹಳೇ ಔಷಧ, ಸೂಜೀಲಿ ಕೊಟ್ರೆ ಕಿವಿ, ಕಿಡ್ನಿ ಎರಡಕ್ಕೂ ತೊಂದ್ರೆ. ಅದನ್ನ ಲೈಪೊಸೋಮಲ್ಲಿ ತುಂಬಿ ನೆಬ್ಯುಲೈಸರಲ್ಲಿ ಉಸಿರಿನ ಜೊತೆ ಎಳ್ಕೊಳ್ಳೋ ಹಾಗೆ ಮಾಡಿದ ಅರಿಕೇಸ್ ಅನ್ನೋ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಟಿಬಿ ರೋಗಾಣುವಿನ ದಾಯಾದಿ ಒಂದಿದೆ, ಮೈಕೋಬ್ಯಾಕ್ಟೀರಿಯಂ ಏವಿಯಂ ಗುಂಪು, ಅದು ಶ್ವಾಸಕೋಶದಲ್ಲಿ ಕೂತ್ರೆ ವರ್ಷಗಟ್ಟಲೆ ಹೋಗಲ್ಲ. ಮಾಮೂಲಿ ಮಾತ್ರೆಗಳಿಗೆ ಬಗ್ಗದವರಲ್ಲಿ ಪರೀಕ್ಷೆ ಮಾಡಿದಾಗ ಬರೀ ಮಾತ್ರೆ ತಗೊಂಡೋರಲ್ಲಿ 8.9 ಪರ್ಸೆಂಟ್ ಜನರ ಕಫ ಆರು ತಿಂಗಳೊಳಗೆ ಕ್ಲೀನ್ ಆಯ್ತು, ಜೊತೆಗೆ ಈ ಲೈಪೊಸೋಮ್ ಸೇರಿಸಿದೋರಲ್ಲಿ 29 ಪರ್ಸೆಂಟ್. ಮೂರರಷ್ಟು ಜಾಸ್ತಿ, ಹಾಗಂತ ನೂರರಲ್ಲಿ ಎಪ್ಪತ್ತು ಜನಕ್ಕೆ ಆಗ್ಲಿಲ್ಲ ಅನ್ನೋದೂ ಅಷ್ಟೇ ನಿಜ. ಟಿಬಿಗೆ ಇದಕ್ಕೆ ಒಪ್ಪಿಗೆ ಇಲ್ಲ.

ಬಯೋಫಿಲ್ಮ್ ಅಂತಾರಲ್ಲ, ಅದೇನು?

ಮನೆ ಸಂಪ್ ತೊಳೆಯೋಕೆ ಇಳಿದವರಿಗೆ ಗೊತ್ತಿರತ್ತೆ, ಗೋಡೆಗೆ ಕೈ ಇಟ್ರೆ ಲೋಳೆ ಲೋಳೆ, ನೀರು ಹಾಕಿದ್ರೆ ಹೋಗಲ್ಲ, ಬ್ರಶ್ ಹಾಕಿ ಉಜ್ಜಬೇಕು. ಅದೇ ಬಯೋಫಿಲ್ಮ್. ಯೂರಿನ್ ಕ್ಯಾಥೆಟರ್ ಒಳಗೆ, ಮಂಡಿಗೆ ಹಾಕಿದ ಇಂಪ್ಲಾಂಟ್ ಮೇಲೆ, ಮಾಯದ ಗಾಯದಲ್ಲಿ ಬ್ಯಾಕ್ಟೀರಿಯಾ ಹೀಗೇ ಅಂಟು ಸುರಿಸ್ಕೊಂಡು ಅದರೊಳಗೆ ಕೋಟೆ ಕಟ್ಕೊಂಡು ಕೂತಿರತ್ವೆ. ಒಂಟಿ ಬ್ಯಾಕ್ಟೀರಿಯಾ ಸಾಯೋ ಡೋಸಿನ ನೂರು ಪಟ್ಟು, ಕೆಲವು ಸಲ ಸಾವಿರ ಪಟ್ಟು ಕೊಟ್ರೂ ಒಳಗಿರೋವು ಬದುಕ್ತವೆ. ಗಾತ್ರ, ಮೇಲಿನ ಚಾರ್ಜ್ ಸರಿಯಾಗಿ ಹೊಂದಿಸಿದ ಕಣ ಈ ಅಂಟಿನ ಒಳಗೆ ನುಗ್ಗತ್ತೆ, ಅದಕ್ಕೇ ನ್ಯಾನೊ ಜನ ಬಯೋಫಿಲ್ಮ್ ಹಿಂದೆ ಬಿದ್ದಿರೋದು.

ಏರೋಪ್ಲೇನ್ ಚಿಟ್ಟೆ ರೆಕ್ಕೆ ಬ್ಯಾಕ್ಟೀರಿಯಾ ಕೊಲ್ಲತ್ತೆ ಅನ್ನೋ ಸುದ್ದಿ ನಿಜಾನಾ?

ನಿಜ, ನನಗೆ ತುಂಬ ಇಷ್ಟವಾದ ವಿಷಯ ಇದು. ಮಲೆನಾಡಲ್ಲಿ ಬೇಸಿಗೆ ಮಧ್ಯಾಹ್ನ ಕಿವಿ ಗುಂಯ್ ಅನ್ನೋ ಹಾಗೆ ಕೂಗೋ ಜೀರುಂಡೆ ಇದೆಯಲ್ಲ, ಅದರ ಬಳಗದ ಒಂದು ಆಸ್ಟ್ರೇಲಿಯಾ ಕೀಟದ ರೆಕ್ಕೆ ಮೇಲೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಕೂತ ಕೆಲವೇ ನಿಮಿಷದಲ್ಲಿ ಸಾಯೋದನ್ನ 2012ರಲ್ಲಿ ಅಲ್ಲಿನ ವಿಜ್ಞಾನಿಗಳು ತೋರಿಸಿದ್ರು. ರೆಕ್ಕೆ ತುಂಬ ನ್ಯಾನೊ ಗಾತ್ರದ ಮೊಳೆಗಳು, ಅವುಗಳ ಮೇಲೆ ಬ್ಯಾಕ್ಟೀರಿಯಾದ ಪೊರೆ ಜೋತುಬಿದ್ದು ಹಿಗ್ಗಿ ಹರಿದೋಗತ್ತೆ. ರೆಕ್ಕೇಲಿ ಏನೋ ಕೆಮಿಕಲ್ ಇರ್ಬೇಕು ಅಂತ ಅನುಮಾನ ಬರಬಾರದು ಅಂತ ಅದರ ಮೇಲೆ ತೆಳ್ಳಗೆ ಚಿನ್ನದ ಲೇಪ ಹಾಕಿ ನೋಡಿದ್ರು, ಆಗ್ಲೂ ಸತ್ವು. ಅಂದ್ರೆ ಕೊಂದಿದ್ದು ಆಕಾರ. ಮರುವರ್ಷ ಏರೋಪ್ಲೇನ್ ಚಿಟ್ಟೆ ರೆಕ್ಕೆ ಮೇಲೂ, ಅದೇ ಥರ ಮಾಡಿದ ಕಪ್ಪು ಸಿಲಿಕಾನ್ ಮೇಲೂ ಇನ್ನೂ ಗಟ್ಟಿ ಗೋಡೆಯ ಬ್ಯಾಕ್ಟೀರಿಯಾ ಕೂಡ ಸಾಯೋದು ಕಂಡ್ರು. ಇಂಪ್ಲಾಂಟಿನ ಟೈಟಾನಿಯಂ ಮೇಲೆ ಇಂಥ ಮೊಳೆ ಮೂಡಿಸೋ ಕೆಲಸ ಈಗ ನಡೀತಿದೆ.

ಬ್ಯಾಕ್ಟೀರಿಯಾನ ಕೊಲ್ಲದೇ ರೋಗ ನಿಲ್ಲಿಸೋಕೆ ಆಗತ್ತಾ?

ಆ ಪ್ರಯತ್ನಾನೂ ಇದೆ. ಸ್ಯಾನ್ ಡಿಯಾಗೊದ ಲಿಯಾಂಗ್‌ಫಾಂಗ್ ಜಾಂಗ್ ತಂಡ 2013ರಲ್ಲಿ ಪಾಲಿಮರ್ ಕಣಕ್ಕೆ ಕೆಂಪು ರಕ್ತಕಣದ ಪೊರೆ ಹೊದಿಸಿ ನ್ಯಾನೊ ಸ್ಪಾಂಜ್ ಮಾಡಿದ್ರು. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಉಗುಳೋ ವಿಷ ಇದನ್ನೇ ರಕ್ತಕಣ ಅಂದ್ಕೊಂಡು ಬಂದು ಅಂಟ್ಕೊಳತ್ತೆ, ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡ್ತು. ಬ್ಯಾಕ್ಟೀರಿಯಾಗೆ ನೇರವಾಗಿ ಪ್ರಾಣದ ಒತ್ತಡ ಇಲ್ಲದ್ರಿಂದ ರೆಸಿಸ್ಟೆನ್ಸ್ (ಔಷಧಕ್ಕೆ ಬಗ್ಗದ ಗುಣ) ಬರೋ ಕಾರಣವೂ ಕಮ್ಮಿ ಅನ್ನೋ ಲೆಕ್ಕ.

ನಮ್ಮ ಬೆಂಗಳೂರಲ್ಲಿ ಯಾರಾದ್ರೂ ಮಾಡ್ತಿದಾರಾ?

ಹೌದು, ಹೆಮ್ಮೆಯಿಂದ ಹೇಳ್ತೀನಿ. ಐಐಎಸ್‌ಸಿಯಲ್ಲಿ ಅಂಬರೀಶ್ ಘೋಷ್ ಅವರ ಜೊತೆ ಕೆಲಸ ಮಾಡೋರು ಸಿಲಿಕಾದಲ್ಲಿ ಸ್ಕ್ರೂ ಆಕಾರದ ನ್ಯಾನೊ ರೋಬೋಟ್ ಮಾಡಿ ಕಬ್ಬಿಣದ ಲೇಪ ಹಾಕಿದಾರೆ, ಮ್ಯಾಗ್ನೆಟ್ ಹೊರಗಿಂದ ತಿರುಗಿಸಿದ್ರೆ ಇದು ತಿರುಪು ಹಾಕ್ಕೊಂಡು ಮುಂದೆ ಹೋಗತ್ತೆ. ರೂಟ್ ಕೆನಾಲ್ ಮಾಡ್ಸಿದ ಹಲ್ಲು ಮತ್ತೆ ನೋವು ಶುರುವಾಗೋದು ಎಷ್ಟು ಜನಕ್ಕೆ ಆಗಿಲ್ಲ? ಹಲ್ಲೊಳಗಿನ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಎಂಟೆರೊಕಾಕಸ್ ಫೀಕ್ಯಾಲಿಸ್ ಅನ್ನೋ ಬ್ಯಾಕ್ಟೀರಿಯಾ ಅವಿತಿರೋದು ಅದಕ್ಕೊಂದು ದೊಡ್ಡ ಕಾರಣ. 2022ರಲ್ಲಿ ಬಂದ ಇವರ ಕೆಲಸದಲ್ಲಿ ಕಿತ್ತ ಹಲ್ಲುಗಳ ನಾಳದೊಳಗೆ ಈ ರೋಬೋಟ್ 2000 ಮೈಕ್ರೊಮೀಟರ್, ಅಂದ್ರೆ 2 ಮಿಲಿಮೀಟರ್ ಆಳ ಹೋಗಿ, ಅಲ್ಲಿ ಬಿಸಿಯಾಗಿ ಬ್ಯಾಕ್ಟೀರಿಯಾನ ಕೊಂದಿದೆ, ಕೆಲಸ ಮುಗಿದ ಮೇಲೆ ವಾಪಸ್ಸೂ ಕರ್ಕೊಬಹುದು. ಬಿಸಿಗೆ ರೆಸಿಸ್ಟೆನ್ಸ್ ಬೆಳೆಸ್ಕೊಳ್ಳೋದು ಸುಲಭ ಅಲ್ಲ ನೋಡಿ.

ಅಲ್ಲೇ ಜಿ. ಮುಗೇಶ್ ಅವರ ತಂಡ ಸೀರಿಯಂ ಆಕ್ಸೈಡಿಂದ ನ್ಯಾನೊಜೈಮ್ ಮಾಡಿದೆ, ಎನ್‌ಜೈಮಿನ ಕೆಲಸ ಮಾಡೋ ಕಣ. ಅದು ಬ್ಯಾಕ್ಟೀರಿಯಾದ ಪೊರೆಯ ಕೊಬ್ಬನ್ನೇ ಒಡೆಯತ್ತೆ, ಕ್ಯಾಥೆಟರ್ ಮೇಲಿನ ಬಯೋಫಿಲ್ಮ್ ತಡೆಯೋಕೆ ಆಗತ್ತಾ ಅಂತಾನೂ ನೋಡಿದಾರೆ.

ನ್ಯಾನೊಗೂ ರೆಸಿಸ್ಟೆನ್ಸ್ ಬರಲ್ವಾ?

ಬರತ್ತೆ. "ಇದಕ್ಕೆ ರೆಸಿಸ್ಟೆನ್ಸ್ ಬರೋದೇ ಇಲ್ಲ" ಅಂತ ಯಾರಾದ್ರೂ ಬರೆದಿದ್ರೆ ನಂಬ್ಬೇಡಿ. ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ 1975ರಲ್ಲೇ ಬಾಸ್ಟನ್ನಿನ ಸುಟ್ಟಗಾಯದ ವಾರ್ಡಲ್ಲಿ ಸಿಕ್ಕಿತ್ತು, ಆ ಗುಣ ಪ್ಲಾಸ್ಮಿಡ್ ಮೇಲೇ ಇತ್ತು, ಅದರ ಜೊತೆ ಆ್ಯಂಟಿಬಯಾಟಿಕ್ ತಡೆಯೋ ಜೀನುಗಳೂ ಇದ್ವು. ಇದು ಸಣ್ಣ ಮಾತಲ್ಲ, ಬೆಳ್ಳಿ ಜಾಸ್ತಿ ಬಳಸಿದ್ರೆ ಅದೇ ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯಾ ಉಳ್ಕೊಳತ್ತೆ, ಔಷಧ ಮುಟ್ಟದೇ ಇದ್ರೂ ಔಷಧಕ್ಕೆ ಬಗ್ಗದೋವೇ ಜಾಸ್ತಿ ಆಗತ್ವೆ.

2018ರಲ್ಲಿ ಚೆಕ್ ದೇಶದ ವಿಜ್ಞಾನಿಗಳು ಇನ್ನೂ ಆಶ್ಚರ್ಯದ ವಿಷಯ ತೋರಿಸಿದ್ರು. ಇ. ಕೋಲಿಗೆ ಪದೇ ಪದೇ ನ್ಯಾನೊ ಬೆಳ್ಳಿ ಕೊಟ್ಟಾಗ ಅದು ಫ್ಲಾಜೆಲಿನ್ ಅನ್ನೋ ಅಂಟು ಪ್ರೋಟೀನ್ ಹೊರಗೆ ಬಿಟ್ಟು ಕಣಗಳನ್ನೆಲ್ಲ ಗುಂಪುಗೂಡಿಸಿ ಗಂಟು ಕಟ್ಟಿಸ್ತು, ರಾಗಿಹಿಟ್ಟು ಸರಿಯಾಗಿ ಕಲಸದೇ ಇದ್ರೆ ಗಂಟು ಗಂಟಾಗಲ್ವಾ, ಹಾಗೆ. ಗಂಟಾದ ಮೇಲೆ ಆ ಒಂದೂವರೆ ಎಕರೆ ಲೆಕ್ಕವೂ ಹೋಯ್ತು. ಆ ಫ್ಲಾಜೆಲಿನ್ ತಯಾರಾಗದ ಹಾಗೆ ಅವರು ತಡೆದದ್ದು ದಾಳಿಂಬೆ ಸಿಪ್ಪೆಯ ಸಾರದಿಂದ, ಆಗ ಬೆಳ್ಳಿ ಮತ್ತೆ ಕೆಲಸ ಮಾಡ್ತು.

ಬೆಳ್ಳಿ ಕಣ ಹಾಕಿರೋ ಸಾಕ್ಸ್, ವಾಷಿಂಗ್ ಮಷಿನ್, ಬನಿಯನ್ ತಗೋಬಹುದಾ?

ತಗೋಬೇಡಿ ಅಂತಾನೇ ನನ್ನ ಅಭಿಪ್ರಾಯ. ಸಾಕ್ಸ್ ಒಗೆದಾಗ ಬೆಳ್ಳಿ ನೀರಿಗೆ ಬಿಟ್ಕೊಳ್ಳೋದನ್ನ 2008ರಲ್ಲೇ ಅಮೆರಿಕದ ಅರಿಜೋನಾದಲ್ಲಿ ಅಳೆದು ತೋರಿಸಿದಾರೆ. ಆ ನೀರು ಮೋರಿಗೆ, ಮೋರಿಯಲ್ಲಿ ಬೇಡದ ಬ್ಯಾಕ್ಟೀರಿಯಾ ಎಲ್ಲ ಸೇರಿರತ್ತೆ, ಅಲ್ಲಿ ಕಮ್ಮಿ ಡೋಸಲ್ಲಿ ಬೆಳ್ಳಿ ಸಿಗ್ತಾ ಹೋದ್ರೆ ಅದೇ ಫ್ಲೆಮಿಂಗ್ ಹೇಳಿದ ಕಥೆ. ಸುಟ್ಟ ಗಾಯದೋರಿಗೆ ಬೇಕಾದ ವಸ್ತುನ ಕಾಲಿನ ವಾಸನೆ ಹೋಗ್ಲಿ ಅಂತ ಖರ್ಚು ಮಾಡೋದು ನೋಡಿದ್ರೆ ನನಗೆ ಸಿಟ್ಟೇ ಬರತ್ತೆ.

ನೀರಿನ ಫಿಲ್ಟರ್ ವಿಷಯ ಬೇರೆ. 2009ರಲ್ಲಿ ಬಂದ ಟಾಟಾ ಸ್ವಚ್ ಫಿಲ್ಟರಲ್ಲಿ ಭತ್ತದ ಹೊಟ್ಟಿನ ಬೂದಿಗೆ ನ್ಯಾನೊ ಬೆಳ್ಳಿ ಕೂರಿಸಿದ್ರು, ಕರೆಂಟ್ ಬೇಡ, ನಲ್ಲಿ ಬೇಡ. ಕುಡಿಯೋ ನೀರು ಶುದ್ಧ ಆದ್ರೆ ಭೇದಿ ಕಮ್ಮಿ, ಭೇದಿ ಕಮ್ಮಿ ಆದ್ರೆ ಆ್ಯಂಟಿಬಯಾಟಿಕ್ಕೂ ಕಮ್ಮಿ.

ಆನ್‌ಲೈನಲ್ಲಿ ಕೊಲಾಯ್ಡಲ್ ಸಿಲ್ವರ್ ಬಾಟ್ಲಿ ಸಿಗತ್ತೆ, ಕುಡೀಬಹುದಾ?

ಬೇಡ. ವರ್ಷಗಟ್ಟಲೆ ಕುಡಿದೋರ ಚರ್ಮ ನೀಲಿ ಬೂದು ಬಣ್ಣಕ್ಕೆ ತಿರುಗತ್ತೆ, ಅದು ವಾಪಸ್ ಬರಲ್ಲ. ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 1999ರಲ್ಲೇ ಇಂಥ ಮಾರಾಟದ ಔಷಧಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿ ಅಂತಾನೂ ಒಪ್ಪಲ್ಲ ಅಂತ ಹೇಳಿದೆ.

ಮಗೂಗೆ ಬೆಳ್ಳಿ ಒಳಲೇಲಿ ಹಾಲು ಕುಡಿಸೋದೂ ನ್ಯಾನೊನಾ?

ಅಲ್ಲ. ಅಜ್ಜಿ ಕೊಟ್ಟ ಒಳಲೆ ಚೆನ್ನಾಗಿ ಕುದಿಸಿ ತೊಳೆದು ಬಳಸಿ, ಬೆಳ್ಳಿ ಇದೆ ಅಂತ ತೊಳೆಯದೇ ಬಿಡ್ಬೇಡಿ, ಅದರ ಮೂತಿ ಸಂದೀಲಿ ಹಾಲು ಕಟ್ಕೊಂಡಿರತ್ತೆ.

ನ್ಯಾನೊ ಔಷಧ ಮೈಯೊಳಗೆ ಹೋದ್ರೆ ಅಪಾಯ ಇಲ್ವಾ?

ಗಾಯದ ಮೇಲೆ ಹಚ್ಚೋದಕ್ಕೂ ರಕ್ತಕ್ಕೆ ಬಿಡೋದಕ್ಕೂ ಅಜಗಜಾಂತರ. ಕಣ ರಕ್ತಕ್ಕೆ ಬಿದ್ದ ತಕ್ಷಣ ಪ್ರೋಟೀನುಗಳು ಅದರ ಮೈಗೆಲ್ಲ ಮೆತ್ಕೊಳತ್ವೆ, ಲ್ಯಾಬಲ್ಲಿ ಮಾಡಿದ ಕಣವೇ ಬೇರೆ, ರಕ್ತದಲ್ಲಿ ಓಡಾಡೋದೇ ಬೇರೆ ಆಗೋಗತ್ತೆ. ಆಮೇಲೆ ಲಿವರ್, ಗುಲ್ಮ ಎರಡೂ ಹಿಡಿದು ಇಟ್ಕೊಳತ್ವೆ. ಕೊಬ್ಬಿನ ಗುಳ್ಳೆ ಆದ್ರೆ ಮೈ ಅದನ್ನ ಕರಗಿಸತ್ತೆ, ಲೋಹ ಆದ್ರೆ ಅಷ್ಟು ಸುಲಭ ಅಲ್ಲ. ಹಾಗಾಗಿ ಬೆಳ್ಳಿ ಕಣ ಇವತ್ತಿಗೂ ಡ್ರೆಸಿಂಗಲ್ಲಿ, ಕ್ಯಾಥೆಟರ್ ಲೇಪದಲ್ಲಿ ಇದೆ, ಡ್ರಿಪ್ಪಲ್ಲಿ ಇಲ್ಲ.

ಇಷ್ಟೆಲ್ಲ ಇದ್ಮೇಲೆ ಮೆಡಿಕಲ್ ಶಾಪಿಗೆ ಯಾಕೆ ಬರ್ತಿಲ್ಲ?

ಇಲಿಯಿಂದ ಮನುಷ್ಯನ ತನಕದ ದಾರಿ ಉದ್ದ. ಲೈಪೊಸೋಮಲ್ಲಿ ತುಂಬಿದ ಸಿಪ್ರೊಫ್ಲಾಕ್ಸಾಸಿನ್ ಕೂಡ ಉಸಿರಲ್ಲಿ ಎಳ್ಕೊಳ್ಳೋ ಹಾಗೆ ಮಾಡಿದ್ರು, 2018ರಲ್ಲಿ ಎಫ್‌ಡಿಎ ಒಪ್ಪಲಿಲ್ಲ. ನಮ್ಮಲ್ಲಿ ನ್ಯಾನೊ ಔಷಧಗಳನ್ನ ಹೇಗೆ ಪರೀಕ್ಷಿಸ್ಬೇಕು ಅನ್ನೋ ಮಾರ್ಗಸೂಚಿ ಬಂದಿದ್ದೇ 2019ರಲ್ಲಿ. ದುಡ್ಡಿನ ಸಮಸ್ಯೆ ಇನ್ನೂ ದೊಡ್ಡದು: ಹೊಸ ಆ್ಯಂಟಿಬಯಾಟಿಕ್ ಬಂದ್ರೆ ಡಾಕ್ಟರುಗಳು ಕೊನೇ ಅಸ್ತ್ರ ಅಂತ ಎತ್ತಿಡ್ತಾರೆ, ಎತ್ತಿಡಲೂ ಬೇಕು, ಆದ್ರೆ ಕಂಪನಿಗೆ ಮಾರಾಟ ಆಗಲ್ಲ. ಅಕೇಯೋಜನ್ ಅನ್ನೋ ಕಂಪನಿ 2018ರಲ್ಲಿ ಪ್ಲಾಜೊಮೈಸಿನ್ ಅನ್ನೋ ಹೊಸ ಆ್ಯಂಟಿಬಯಾಟಿಕ್‌ಗೆ ಒಪ್ಪಿಗೆ ಪಡೆದು 2019ರಲ್ಲಿ ದಿವಾಳಿ ಆಯ್ತು. ಔಷಧ ಚೆನ್ನಾಗೇ ಇತ್ತು.

ಅಲ್ಲೀ ತನಕ ಮನೇಲಿ ಏನು ಮಾಡೋದು?

ನೆಗಡಿ, ಮಾಮೂಲಿ ಗಂಟಲು ಕೆರೆತಕ್ಕೆ ಅಜಿತ್ರೊಮೈಸಿನ್ ಕೇಳಿ ತಗೋಬೇಡಿ. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ರೆ ಅದು ಚೀಟಿ ಇಲ್ಲದೇ ಕೊಡೋ ಔಷಧ ಅಲ್ಲ. ಪಕ್ಕದ ಮನೆಯವರು ಉಳಿಸಿಟ್ಟ ನಾಲ್ಕು ಮಾತ್ರೆ ಇಸ್ಕೊಂಡು ನುಂಗ್ಬೇಡಿ. ಡಾಕ್ಟರ್ ಕಲ್ಚರ್ ಟೆಸ್ಟ್ (ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಕ್ಕೆ ಬಗ್ಗತ್ತೆ ಅಂತ ನೋಡೋ ಟೆಸ್ಟ್) ಬರೆದ್ರೆ "ಎರಡು ದಿನ ಕಾಯ್ಬೇಕಲ್ಲ" ಅಂತ ಬಿಟ್ಹೋಗ್ಬೇಡಿ, ಮಾತ್ರೆ ಶುರು ಮಾಡೋಕೆ ಮುಂಚೆ ಸ್ಯಾಂಪಲ್ ಕೊಡಿ.

ನಮ್ಮ ಕಲ್ಚರ್ ರಿಪೋರ್ಟಲ್ಲಿ ಎಲ್ಲಾ ಔಷಧದ ಮುಂದೆ ರೆಸಿಸ್ಟೆಂಟ್ ಅಂತ ಬಂದಿದೆ, ನ್ಯಾನೊ ಬೆಳ್ಳಿ ಹೆಸರೇ ಇಲ್ವಲ್ಲ, ಅದನ್ನೂ ಟೆಸ್ಟ್ ಮಾಡಿ ಕೊಡ್ತೀರಾ?

ಹೋದ ತಿಂಗಳು ಒಬ್ಬರು ಅವರಪ್ಪನ ರಿಪೋರ್ಟ್ ಹಿಡ್ಕೊಂಡು ಲ್ಯಾಬ್ ಕಿಟಕಿ ಹತ್ರ ನಿಂತು ಇದನ್ನೇ ಕೇಳಿದ್ರು. ಆ ಬಿಲ್ಲೆ ಟೆಸ್ಟ್ ನಡೆಯೋದು ಔಷಧ ಅಗರ್ ಒಳಗೆ ಹರಡ್ಕೊಂಡು ಹೋಗೋದ್ರಿಂದ, ನ್ಯಾನೊ ಕಣ ಅಗರಲ್ಲಿ ಸರಿಯಾಗಿ ಹರಡಲ್ಲ, ಗುಡಿ ಚಿಕ್ಕದಾಗಿ ಬಂದ್ರೂ ಅದು ಬ್ಯಾಕ್ಟೀರಿಯಾ ಗೆದ್ದಿದೆ ಅಂತಾಗಲಿ ಸೋತಿದೆ ಅಂತಾಗಲಿ ಹೇಳಲ್ಲ. ಇಷ್ಟು ಮಿಲಿಮೀಟರ್ ಇದ್ರೆ ಔಷಧ ಕೊಡ್ಬಹುದು ಅನ್ನೋ ಅಳತೆ ಪಟ್ಟೀಲಿ ಬೆಳ್ಳಿ ಕಣಕ್ಕೆ ಸಾಲೇ ಇಲ್ಲ. ಅದನ್ನ ಅವರಿಗೆ ಹೇಳಿ, ಕೊಲಿಸ್ಟಿನ್ ಅನ್ನೋ ಕೊನೇ ಅಸ್ತ್ರದ ಆ್ಯಂಟಿಬಯಾಟಿಕ್ಕಿನ ಟೆಸ್ಟ್ ಬೇರೆ ಥರ ಮಾಡ್ಬೇಕು, ಅದರ ರಿಸಲ್ಟ್ ಇನ್ನೂ ಬಂದಿಲ್ಲ, ನಾಳೆ ಹನ್ನೊಂದು ಗಂಟೆಗೆ ಬನ್ನಿ ಅಣ್ಣಾ ಅಂತ ಹೇಳಿ ಕಳಿಸ್ದೆ. ಅವರು ಹತ್ತು ಗಂಟೆಗೇ ಬಂದು ಬೆಂಚ್ ಮೇಲೆ ಕೂತಿದ್ರು.